ನೂರಾಹದಿನಾಲ್ಕು ವರ್ಷ ಮರೆಯಾಗಿದ್ದ ಆಮೆ

ಜರ್ಮನಿಯ ಸಸ್ಯಶಾಸ್ತ್ರಜ್ಞ ಲುಡ್ವಿಗ್ ಪ್ರೈಸ್ ಎಂಬಾತನು 1838ರ ಕೊನೆಯಲ್ಲಿ ಪಶ್ಚಿಮ ಆಸ್ಟ್ರೇಲಿಯದ ಸ್ವಾನ್ ನದೀ ತೀರಕ್ಕೆ ಬಂದಿಳಿದನು. ಅಲ್ಲಿ ಬ್ರಿಟಿಷರು ವಸಾಹತು ಹೂಡಿ ಆಗಿನ್ನೂ ಹತ್ತು ವರ್ಷವೂ ತುಂಬಿರಲಿಲ್ಲ. ಗಿಡಮೂಲಿಕೆಗಳನ್ನು ಸಂಗ್ರಹಿಸುವುದು ಅವನ ಮುಖ್ಯ ಕಾರ್ಯವಾದರೂ ಕಣ್ಣಿಗೆ ಬಿದ್ದ ಪ್ರಾಣಿಗಳನ್ನು ಅವನು ಬಿಡುತ್ತಿರಲಿಲ್ಲ. ಹಾಗೆ ದೊರೆತವುಗಳಲ್ಲಿ ಅಂಗೈಯಗಲದ ಒಂದು ಕಂದು ಆಮೆಯೂ ಇದ್ದಿತು. ಅದು 1839ರಲ್ಲಿ ವಿಯೆನ್ನಾದ ವಸ್ತುಸಂಗ್ರಹಾಲಯವನ್ನು ಸೇರಿತು. ಅದರೊಂದಿಗೆ ಬಂದ ಚೀಟಿಯಲ್ಲಿ 'ನೋವಾ ಹೊಲಾಂಡಿಯಾ' ಎಂದಷ್ಟೇ ಬರೆದಿದ್ದಿತು. ಆ ಕಾಲದ ಭಾಷೆಯಲ್ಲಿ ಅದು ಇಡೀ ಆಸ್ಟ್ರೇಲಿಯ ಖಂಡದ ಹೆಸರು. ಯಾವ ನದಿ, ಯಾವ ಊರು, ಯಾವ ಕೆರೆ ಎಂಬುದಕ್ಕೆ ಎಳೆಯಷ್ಟೂ ಸುಳಿವಿರಲಿಲ್ಲ.

ಅರುವತ್ತು ವರ್ಷಗಳಿಗೂ ಹೆಚ್ಚು ಕಾಲ ಆ ಆಮೆ ಹೆಸರಿಲ್ಲದೆ ಕಪಾಟಿನಲ್ಲಿ ಕುಳಿತಿತ್ತು. 1901ರಲ್ಲಿ ಅದೇ ಸಂಗ್ರಹಾಲಯದ ಫ್ರೀಡ್ರಿಕ್ ಸೀಬೆನ್‌ರಾಕ್ ಎಂಬ ಪ್ರಾಣಿಶಾಸ್ತ್ರಜ್ಞರು ಅದನ್ನು ಪರೀಕ್ಷಿಸಿ, ಇದು ಹೊಸ ಪ್ರಭೇದ ಮಾತ್ರವಲ್ಲ, ಹೊಸ ಕುಲವೇ ಹೌದು ಎಂದು ನಿರ್ಣಯಿಸಿದರು. ಅವರು ಕೊಟ್ಟ ಹೆಸರು ಸ್ಯೂಡೆಮಿಡ್ಯೂರಾ ಅಂಬ್ರಿನಾ. ಆಸ್ಟ್ರೇಲಿಯದಲ್ಲಿ ಎಮಿಡ್ಯೂರಾ ಎಂಬ ಗಿಡ್ಡ ಕತ್ತಿನ ಆಮೆಗಳಿವೆ. ಇದು ನೋಟಕ್ಕೆ ಅವುಗಳಂತಿದ್ದರೂ ಅವುಗಳಲ್ಲಿ ಒಂದಲ್ಲವಾದ ಕಾರಣ 'ಹುಸಿ ಎಮಿಡ್ಯೂರಾ' ಎಂದರು. ಅಂಬ್ರಿನಾ ಎಂದರೆ ನೆರಳಿನಂತಹ ಮಬ್ಬುಗಂದು ಬಣ್ಣದ್ದು. ಹೆಸರು ಸಿಕ್ಕಿತು, ಆದರೆ ಹೆಸರಿನ ಒಡೆಯ ಸಿಗಲಿಲ್ಲ. ಮುಂದಿನ ಅರ್ಧ ಶತಮಾನದಲ್ಲಿ ಯಾರೂ ಅಂತಹ ಇನ್ನೊಂದು ಆಮೆಯನ್ನು ಗುರುತಿಸಲಿಲ್ಲ. ಪ್ರಪಂಚದಲ್ಲಿ ಅದು ಉಳಿದಿದೆಯೇ, ಅಳಿದಿದೆಯೇ ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ.

ಸಿಕ್ಕಿದ್ದು ವಿದ್ವಾಂಸರ ಕೈಗಲ್ಲ. 1953ರಲ್ಲಿ ಪರ್ತ್ ನಗರದಲ್ಲಿ ನಿಸರ್ಗಾಸಕ್ತರು ಒಂದು ವನ್ಯಜೀವಿ ಪ್ರದರ್ಶನವನ್ನು ಏರ್ಪಡಿಸಿದ್ದರು. ಅಲ್ಲಿಗೆ ಒಬ್ಬ ಶಾಲಾ ಬಾಲಕ ತಾನು ಸಾಕಿಕೊಂಡಿದ್ದ ಪುಟ್ಟ ಆಮೆಯೊಂದನ್ನು ತಂದಿಟ್ಟನು. ನೋಡಿದವರಿಗೆ ಆಶ್ಚರ್ಯವಾಯಿತು. ಏಕೆಂದರೆ ಆ ಪ್ರಾಂತದಲ್ಲಿ ಎಲ್ಲರೂ ಬಲ್ಲ ಸಿಹಿನೀರಿನ ಆಮೆ ಒಂದೇ: ಹಾವಿನಂತೆ ಉದ್ದ ಕತ್ತಿನದು. ಬಾಲಕನ ಆಮೆಗೆ ಕತ್ತು ಗಿಡ್ಡ. ಪಶ್ಚಿಮ ಆಸ್ಟ್ರೇಲಿಯ ವಸ್ತುಸಂಗ್ರಹಾಲಯದ ಲುಡ್ವಿಗ್ ಗ್ಲಾವರ್ಟ್ ಅವರು ಇದನ್ನು ಹೊಸ ಪ್ರಭೇದವೆಂದು ತಿಳಿದು, 1954ರಲ್ಲಿ ಇನ್‌ಸ್ಪೆಕ್ಟಾಟಾ ಎಂಬ ಬೇರೆ ಹೆಸರನ್ನೇ ಇಟ್ಟು ಪ್ರಕಟಿಸಿದರು. ನಾಲ್ಕು ವರ್ಷಗಳ ತರುವಾಯ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ನೆಸ್ಟ್ ವಿಲಿಯಮ್ಸ್ ಅವರು ಎರಡು ವರ್ಣನೆಗಳನ್ನೂ ಹೋಲಿಸಿ ನೋಡಿ, ಪರ್ತ್‌ನ ಆಮೆಯೂ ವಿಯೆನ್ನಾದ ಆಮೆಯೂ ಒಂದೇ ಎಂದು ತೋರಿಸಿದರು. ಒಬ್ಬನೇ ಗಿರಾಕಿಯ ಹೆಸರಿನಲ್ಲಿ ಎರಡು ಶಾಖೆಗಳಲ್ಲಿ ಎರಡು ಖಾತೆ ತೆರೆದಂತಾಗಿತ್ತು ಎಂದು ನಮ್ಮ ವೃತ್ತಿಯವರು ಹೇಳಬಹುದು. ಪ್ರಾಣಿಶಾಸ್ತ್ರದ ನಿಯಮದಂತೆ ಮೊದಲು ಇಟ್ಟ ಹೆಸರೇ ಊರ್ಜಿತ. ಆದುದರಿಂದ 1901ರ ಹೆಸರು ಉಳಿಯಿತು, 1954ರದು ರದ್ದಾಯಿತು. ನೋವಾ ಹೊಲಾಂಡಿಯಾ ಎಂಬ ಆ ಚೀಟಿಗೂ ಕೊನೆಗೆ ಒಂದು ವಿಳಾಸ ದೊರೆಯಿತು. ಪರ್ತ್ ನಗರದ ಈಶಾನ್ಯಕ್ಕೆ, ಸ್ವಾನ್ ಕಣಿವೆಯ ಮಗ್ಗುಲಿಗೆ, ಮಳೆಗಾಲದಲ್ಲಿ ತುಂಬಿ ಬೇಸಗೆಯಲ್ಲಿ ಬತ್ತುವ ಕೆಲವೇ ಜೌಗುಗಳು. ಅಷ್ಟೇ ಇದರ ಸಾಮ್ರಾಜ್ಯ.

ಇಂಗ್ಲಿಷಿನಲ್ಲಿ ಇದನ್ನು 'ವೆಸ್ಟರ್ನ್ ಸ್ವಾಂಪ್ ಟಾರ್ಟಾಯ್ಸ್' ಎನ್ನುತ್ತಾರೆ. ಟಾರ್ಟಾಯ್ಸ್ ಎಂದರೆ ನೆಲದ ಆಮೆ, ಟರ್ಟಲ್ ಎಂದರೆ ನೀರಿನದು. ಆದುದರಿಂದ ಈ ಹೆಸರು ತಪ್ಪು ಎಂದು ಅಲ್ಲಿ ಕೆಲವರು ವಾದಿಸುವುದುಂಟು. ಕನ್ನಡಕ್ಕೆ ಈ ತಂಟೆಯಿಲ್ಲ. ನಮಗೆ ನೆಲದ್ದೂ ಆಮೆ, ಕೆರೆಯದೂ ಆಮೆ, ಕಡಲಿನದೂ ಆಮೆಯೇ. ಜೌಗು ಆಮೆ ಎಂದು ಕರೆದರೆ ಸಾಕು.

ಇನ್ನು ಇದರ ಆಕಾರವನ್ನು ನೋಡೋಣ. ಆಸ್ಟ್ರೇಲಿಯದ ಆಮೆಗಳಲ್ಲೆಲ್ಲ ಇದೇ ಚಿಕ್ಕದು. ಪೂರ್ತಿ ಬೆಳೆದ ಗಂಡಿನ ಚಿಪ್ಪು ಸುಮಾರು 15 ಸೆಂಟಿಮೀಟರು, ಅಂದರೆ ಕಾಫಿಯ ಬಸಿಯಷ್ಟು. ತೂಕ ಹೆಚ್ಚೆಂದರೆ 550 ಗ್ರಾಂ. ಹೆಣ್ಣು ಇನ್ನೂ ಚಿಕ್ಕದು, 13 ಸೆಂಟಿಮೀಟರಿನ ಆಸುಪಾಸು, 400 ಗ್ರಾಂ. ಸಿಹಿನೀರಿನ ಆಮೆಗಳಲ್ಲಿ ಸಾಮಾನ್ಯವಾಗಿ ಹೆಣ್ಣೇ ದೊಡ್ಡದಾಗಿರುತ್ತದೆ. ಇಲ್ಲಿ ಲೆಕ್ಕ ತಿರುವುಮುರುವು. ಚಿಪ್ಪು ಮೇಲಿನಿಂದ ನೋಡಿದರೆ ಹೆಚ್ಚುಕಡಿಮೆ ಚೌಕ, ಬೆನ್ನು ಚಪ್ಪಟೆ. ಬಣ್ಣವು ವಾಸಿಸುವ ಜೌಗಿನ ಮಣ್ಣು ನೀರುಗಳಿಗೆ ಹೊಂದುವಂತೆ ಹಳದಿ ಮಿಶ್ರಿತ ಕಂದಿನಿಂದ ಕಪ್ಪಿನವರೆಗೆ ಇರುತ್ತದೆ. ಕತ್ತಿನ ಮೇಲೆಲ್ಲ ಮೊನಚಾದ ಗಂಟುಗಳು. ನೆತ್ತಿಯನ್ನು ಒಂದು ದೊಡ್ಡ ಫಲಕ ಟೋಪಿಯಂತೆ ಮುಚ್ಚಿದೆ. ಮುಂಗಾಲಿನಲ್ಲಿ ಐದು ಉಗುರುಗಳು; ಉದ್ದ ಕತ್ತಿನ ನೆರೆಯ ಆಮೆಗೆ ನಾಲ್ಕೇ. ಕತ್ತನ್ನು ಚಿಪ್ಪಿನೊಳಗೆ ಎಳೆದುಕೊಂಡಿದ್ದರೂ ಇವೆರಡನ್ನು ಬೇರ್ಪಡಿಸಿ ಗುರುತಿಸಲು ಈ ಉಗುರಿನ ಲೆಕ್ಕ ಒಂದೇ ಸಾಕು.

ಕತ್ತನ್ನು ಎಳೆದುಕೊಳ್ಳುವ ರೀತಿಯಲ್ಲಿಯೂ ಒಂದು ವಿಶೇಷವಿದೆ. ನಮ್ಮ ದೇಶದ ಆಮೆಗಳು ತಲೆಯನ್ನು ನೇರವಾಗಿ ಹಿಂದಕ್ಕೆ ಸೆಳೆದುಕೊಳ್ಳುತ್ತವೆ. ಆಸ್ಟ್ರೇಲಿಯ ಮತ್ತು ದಕ್ಷಿಣ ಅಮೆರಿಕಗಳಲ್ಲಿ ಇರುವ ಕೆಲಿಡೇ ಕುಟುಂಬದ ಆಮೆಗಳು ಹಾಗಲ್ಲ. ಕತ್ತನ್ನು ಪಕ್ಕಕ್ಕೆ ಮಡಿಸಿ, ತಲೆಯನ್ನು ಚಿಪ್ಪಿನ ಅಂಚಿನಡಿ ಅಡ್ಡವಾಗಿ ಇಟ್ಟುಕೊಳ್ಳುತ್ತವೆ. ಇವು ಪಾರ್ಶ್ವಕಂಠ ಆಮೆಗಳು. ಇಂದು ಭಾರತದಲ್ಲಿ ಈ ಪಂಗಡದ ಒಂದು ಆಮೆಯೂ ಇಲ್ಲ. ಆದರೆ ಹಿಂದೆ ಇದ್ದವು. ಮುಂಬಯಿಯ ಕಪ್ಪು ಲಾವಾ ಬಂಡೆಗಳ ಪದರಗಳ ನಡುವೆ ಸಿಕ್ಕಿದ ಒಂದು ಆಮೆಯ ಪಳೆಯುಳಿಕೆಯನ್ನು 1852ರಲ್ಲಿ ಎಚ್. ಜೆ. ಕಾರ್ಟರ್ ಎಂಬುವರು ವರ್ಣಿಸಿದರು. ಅದು ಪಾರ್ಶ್ವಕಂಠ ಪಂಗಡದ್ದೇ. ಸುಮಾರು ಆರು ಕೋಟಿ ವರ್ಷಗಳಿಗೂ ಹಿಂದೆ, ಲಾವಾ ಹರಿವುಗಳ ನಡುವಣ ಶಾಂತ ಕಾಲದಲ್ಲಿ, ಇಂದು ನಮ್ಮಲ್ಲಿ ಅನೇಕರು ಲೋಕಲ್ ಗಾಡಿ ಹಿಡಿಯಲು ಓಡುವ ನೆಲದ ಮೇಲೆ ಸಿಹಿನೀರಿನ ಜೌಗುಗಳಿದ್ದವು, ಅವುಗಳಲ್ಲಿ ಕತ್ತು ಮಡಿಸುವ ಆಮೆಗಳಿದ್ದವು.

ಕೆಲಿಡೇ ಕುಟುಂಬದಲ್ಲಿ ಹತ್ತಾರು ಪ್ರಭೇದಗಳುಂಟು. ಆ ಸಂಸಾರದೊಳಗೆ ನಮ್ಮ ಜೌಗು ಆಮೆಯದು ಬೇರೆಯದೇ ಮನೆ. ಇದರ ತಲೆಬುರುಡೆಯ ಮೇಲ್ಚಾವಣಿ ಹಿಂದಿನವರೆಗೂ ಮೂಳೆಯಿಂದ ಮುಚ್ಚಿಕೊಂಡಿದೆ. ಬಂಧುಗಳಲ್ಲಿ ಅದು ಹೀಗಿಲ್ಲ. ಇಂತಹ ಲಕ್ಷಣಗಳಿಂದ ಇದನ್ನು ಪ್ರತ್ಯೇಕ ಉಪಕುಟುಂಬವೆಂದೇ ಪರಿಗಣಿಸಿದ್ದಾರೆ. ಆ ಉಪಕುಟುಂಬದಲ್ಲಿ ಒಂದೇ ಕುಲ, ಆ ಕುಲದಲ್ಲಿ ಬದುಕಿರುವುದು ಒಂದೇ ಪ್ರಭೇದ. ಖಂಡದ ಇನ್ನೊಂದು ತುದಿಯಲ್ಲಿ, ಕ್ವೀನ್ಸ್‌ಲೆಂಡ್ ಪ್ರಾಂತದ ರಿವರ್ಸ್‌ಲೇ ಎಂಬಲ್ಲಿ, ಮಯೋಸೀನ್ ಯುಗದ ಸುಣ್ಣಕಲ್ಲಿನಲ್ಲಿ ಇದೇ ಕುಲದ ಪಳೆಯುಳಿಕೆ ದೊರೆತಿದೆ. ಎಂದರೆ ಒಂದು ಕಾಲದಲ್ಲಿ ಈ ಮನೆತನ ಆಸ್ಟ್ರೇಲಿಯದ ಉದ್ದಗಲಕ್ಕೂ ಹರಡಿದ್ದಿರಬೇಕು. ಖಂಡವು ಒಣಗುತ್ತ ಬಂದಂತೆ ಅದು ಕುಗ್ಗಿ, ಕೊನೆಗೆ ನೈರುತ್ಯ ಮೂಲೆಯ ಒಂದಿಷ್ಟು ಜೇಡಿಮಣ್ಣಿನ ಜೌಗಿನಲ್ಲಿ ಬಂದು ನಿಂತಿತು. ವರ್ಗೀಕರಣವೆಂದರೆ ಲ್ಯಾಟಿನ್ ಹೆಸರುಗಳ ಕಂಠಪಾಠ ಎಂದು ಭಾವಿಸುವವರು ಈ ಸಂಗತಿಯನ್ನು ಗಮನಿಸಬೇಕು. ಹತ್ತು ಅಣ್ಣತಮ್ಮಂದಿರಿರುವ ಮನೆಯಲ್ಲಿ ಒಬ್ಬ ಹೋದರೆ ದುಃಖ. ಒಬ್ಬನೇ ಉಳಿದಿರುವ ಮನೆಯಲ್ಲಿ ಅವನೂ ಹೋದರೆ ಮನೆಯೇ ಹೋಯಿತು. ಈ ಅಂತರವನ್ನು ತಿಳಿಸುವುದೇ ವರ್ಗೀಕರಣ.

ಈ ಆಮೆಯ ವಾರ್ಷಿಕ ದಿನಚರಿ ಬಹಳ ಸ್ವಾರಸ್ಯಕರವಾದುದು. ಮುಂಬಯಿಯಲ್ಲಿ ಮಳೆ ಹಿಡಿಯುವ ಜೂನ್ ತಿಂಗಳಿನಲ್ಲಿಯೇ ಪರ್ತ್‌ನಲ್ಲಿಯೂ ಮಳೆ. ಆದರೆ ಅದು ದಕ್ಷಿಣಾರ್ಧ ಗೋಳವಾದುದರಿಂದ ಅದು ಅಲ್ಲಿಯ ಚಳಿಗಾಲ. ಜೂನ್ ಜುಲೈಗಳಲ್ಲಿ ಜೌಗು ತುಂಬುತ್ತದೆ. ಆಗ ಆಮೆ ತನ್ನ ಅಡಗುದಾಣದಿಂದ ಹೊರಬಂದು ನೀರಿಗಿಳಿಯುತ್ತದೆ. ಇದು ಅಪ್ಪಟ ಮಾಂಸಾಹಾರಿ. ಅದೂ ಜೀವಂತ ಬೇಟೆಯೇ ಆಗಬೇಕು, ನೀರಿನಲ್ಲಿಯೇ ತಿನ್ನಬೇಕು. ಕೀಟಗಳ ಮರಿಹುಳುಗಳು, ಸಣ್ಣ ಸಿಗಡಿಯಂತಹ ಜಲಚರಗಳು, ಎರೆಹುಳು, ಕಪ್ಪೆಯ ಗೊದಮೊಟ್ಟೆ ಇವು ಆಹಾರ. ನೀರು ತೀರ ತಣ್ಣಗಿದ್ದರೂ ತಿನ್ನುವುದಿಲ್ಲ, ತೀರ ಬಿಸಿಯಾದರೂ ತಿನ್ನುವುದಿಲ್ಲ. 14 ಡಿಗ್ರಿಯಿಂದ 28 ಡಿಗ್ರಿ ಸೆಲ್ಸಿಯಸ್‌ವರೆಗೆ ಅದರ ಊಟದ ಹೊತ್ತು. ಸೆಪ್ಟೆಂಬರಿನಲ್ಲಿ ನೀರು ಬೆಚ್ಚಗಾದಂತೆ ಭರ್ಜರಿಯಾಗಿ ತಿಂದು ಕೊಬ್ಬು ಕೂಡಿಸಿಕೊಳ್ಳುತ್ತದೆ. ನವೆಂಬರಿಗೆ ಜೌಗು ಬತ್ತುತ್ತದೆ. ಅಲ್ಲಿಗೆ ಅಂಗಡಿ ಬಂದ್.

ಆಮೇಲೆ ಆರರಿಂದ ಒಂಬತ್ತು ತಿಂಗಳು ನಿರಾಹಾರ. ಜೇಡಿನೆಲದ ಬಿರುಕಿನಲ್ಲಿಯೋ ಬಿಲದಲ್ಲಿಯೋ ತರಗೆಲೆಗಳ ರಾಶಿಯ ಅಡಿಯಲ್ಲಿಯೋ ಸೇರಿಕೊಂಡು ಅದು ಗ್ರೀಷ್ಮನಿದ್ರೆಗೆ ತೊಡಗುತ್ತದೆ. ಹಿಮದ ನಾಡಿನ ಕರಡಿ ಚಳಿಯಿಂದ ಅಡಗಿದರೆ ಇದು ಬೇಗೆಯಿಂದ ಅಡಗುತ್ತದೆ. ದೇಹದ ವ್ಯವಹಾರಗಳೆಲ್ಲ ಕನಿಷ್ಠಕ್ಕೆ ಇಳಿಯುತ್ತವೆ. ಕೂಡಿಸಿಟ್ಟ ಕೊಬ್ಬು ಮತ್ತು ನೀರು ಮುಂದಿನ ಮಳೆಯವರೆಗೆ ಸಾಲಬೇಕು. ಈ ಸಂಚಿಕೆಯಲ್ಲಿ ಸಕ್ಕರೆ ಕಾಯಿಲೆ, ಪಥ್ಯ, ಉಪವಾಸಗಳ ವಿಷಯವಾಗಿ ವೈದ್ಯ ಮಹಾಶಯರು ಬರೆದಿರಬಹುದು. ಉಪವಾಸದಲ್ಲಿ ಈ ಆಮೆಯನ್ನು ಮೀರಿಸುವವರು ನಮ್ಮಲ್ಲಿ ಯಾರೂ ಇರಲಾರರು. ಅನುಕರಿಸಲು ಹೋಗುವುದು ಬೇಡ.

ಸಂತಾನದ ವಿಷಯದಲ್ಲಿಯೂ ಇದು ಮಿತವ್ಯಯಿ. ನವೆಂಬರು ಡಿಸೆಂಬರುಗಳಲ್ಲಿ ಹೆಣ್ಣು ವರ್ಷಕ್ಕೊಮ್ಮೆ ಮೂರರಿಂದ ಐದು ಮೊಟ್ಟೆ ಇಡುತ್ತದೆ. ಒಡಿಶಾದ ಕರಾವಳಿಗೆ ಬರುವ ಕಡಲಾಮೆ ಒಂದೇ ರಾತ್ರಿ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಟ್ಟು ಹೋಗುವುದನ್ನು ಇದರ ಜೊತೆ ಹೋಲಿಸಿ ನೋಡಿ. ಇನ್ನೊಂದು ಸೋಜಿಗ: ಪ್ರಪಂಚದ ಇತರ ಆಮೆಗಳೆಲ್ಲ ಗೂಡಿನ ಗುಣಿಯನ್ನು ಹಿಂಗಾಲುಗಳಿಂದ ತೋಡುತ್ತವೆ. ಈ ಆಮೆ ಮುಂಗಾಲುಗಳಿಂದ ತೋಡುತ್ತದೆ. ಸಾಮಾನ್ಯ ಆಮೆ ತಾನು ತೋಡಿದ ಗುಣಿಯನ್ನು ಕಣ್ಣಿನಿಂದ ಕಾಣುವುದೇ ಇಲ್ಲ. ಇದು ಎದುರಿಗಿಟ್ಟುಕೊಂಡು ಕೆಲಸ ಮಾಡುತ್ತದೆ. ಮೊಟ್ಟೆಗಳು ಬೇಸಗೆಯನ್ನೆಲ್ಲ ಮಣ್ಣಿನೊಳಗೆ ಕಳೆದು, ಸುಮಾರು ಆರು ತಿಂಗಳ ಮೇಲೆ, ಮಳೆ ಬರುವ ಹೊತ್ತಿಗೆ ಒಡೆಯುತ್ತವೆ. ಹೊರಬಂದ ಮರಿಯ ಗಾತ್ರ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು, ತೂಕ ಮೂರರಿಂದ ಆರು ಗ್ರಾಂ. ನೀರಿರುವ ಐದಾರು ತಿಂಗಳಲ್ಲಿ ಅದು ಸಾಕಷ್ಟು ಬೆಳೆದುಕೊಳ್ಳಬೇಕು. ಬೆಳೆಯದಿದ್ದರೆ ಮೊದಲ ಬೇಸಗೆಯನ್ನೇ ಅದು ದಾಟುವುದಿಲ್ಲ.

ಇಲ್ಲಿಯೇ ಇದರ ಜೀವನದ ಗಂಡಾಂತರ ಅಡಗಿರುವುದು. ಮಳೆ ಕೈಕೊಟ್ಟ ವರ್ಷ ಹೆಣ್ಣಿಗೆ ಸಾಕಷ್ಟು ಆಹಾರ ದೊರೆಯುವುದಿಲ್ಲವಾಗಿ ಅದು ಮೊಟ್ಟೆಯನ್ನೇ ಇಡುವುದಿಲ್ಲ. ಹಿಂದಿನ ವರ್ಷದ ಮರಿಗಳಿಗೂ ಮೈ ತುಂಬುವುದಿಲ್ಲ. ಪ್ರಾಯಕ್ಕೆ ಬರಲು ಎಂಟರಿಂದ ಹದಿನೈದು ವರ್ಷ ಬೇಕು. ಆಯುಸ್ಸು ಮಾತ್ರ ದೀರ್ಘ. ಅರುವತ್ತು ವರ್ಷಕ್ಕೂ ಹೆಚ್ಚು ಬದುಕಬಲ್ಲುದೆಂದು ಅಂದಾಜಿಸಿದ್ದಾರೆ. ಸ್ವಲ್ಪ ಸ್ವಲ್ಪವಾಗಿ ಬಹುಕಾಲ ಕಟ್ಟುವ ಉಳಿತಾಯ ಖಾತೆಯಂತೆ ಇದರ ಬಾಳು. ದೊಡ್ಡ ಆಮೆಯೊಂದು ಅಕಾಲದಲ್ಲಿ ಸತ್ತಿತೆಂದರೆ ಅಸಲೇ ಹೋದಂತೆ. ಬಡ್ಡಿಯಿಂದ ಅದನ್ನು ತುಂಬಿಕೊಳ್ಳಲು ಒಂದು ತಲೆಮಾರು ಬೇಕು.

ಅಂತಹ ಸಾವುಗಳು ಬಹಳವಾದವು. ಸ್ವಾನ್ ಕಣಿವೆಯ ಜೇಡಿಮಣ್ಣು ಫಲವತ್ತಾದುದು. ವಸಾಹತುಗಾರರು ಮೊಟ್ಟಮೊದಲು ಕೈಯಿಟ್ಟದ್ದು ಅದಕ್ಕೇ. ಜೌಗುಗಳಿಂದ ನೀರು ಹರಿಯಬಿಟ್ಟು ದನದ ಹುಲ್ಲುಗಾವಲನ್ನೂ ದ್ರಾಕ್ಷಿ ತೋಟಗಳನ್ನೂ ಮಾಡಿದರು. ನಗರ ಬೆಳೆದಂತೆ ಇಟ್ಟಿಗೆ ಹೆಂಚುಗಳಿಗಾಗಿ ಜೇಡಿಯನ್ನು ಅಗೆದರು. ಜೊತೆಗೆ ನರಿ. ಐರೋಪ್ಯರು 19ನೆಯ ಶತಮಾನದಲ್ಲಿ ಬೇಟೆಯ ವಿನೋದಕ್ಕಾಗಿ ಆಸ್ಟ್ರೇಲಿಯಕ್ಕೆ ತಂದುಬಿಟ್ಟ ಕೆಂಪು ನರಿ ಖಂಡವನ್ನೆಲ್ಲ ವ್ಯಾಪಿಸಿತು. ನಿದ್ರೆಯಲ್ಲಿರುವ ಆಮೆಯನ್ನು ನೆಲದಿಂದ ಕೆದಕಿ ತೆಗೆಯುವುದು ಅದಕ್ಕೆ ಸುಲಭ.

ಆಮೆ ಮತ್ತೆ ಸಿಕ್ಕ ಮೇಲೆ ಸರಕಾರವು ತಡಮಾಡದೆ 1962ರಲ್ಲಿ ಎರಡು ರಕ್ಷಿತ ಪ್ರದೇಶಗಳನ್ನು ಘೋಷಿಸಿತು. ಒಂದು ಎಲೆನ್ ಬ್ರೂಕ್, ಇನ್ನೊಂದು ಟ್ವಿನ್ ಸ್ವಾಂಪ್ಸ್. ಟ್ವಿನ್ ಸ್ವಾಂಪ್ಸ್ ದೊಡ್ಡದು, ಸುಮಾರು 155 ಹೆಕ್ಟೇರು. ಎಲೆನ್ ಬ್ರೂಕ್ ಅದಕ್ಕಿಂತ ಬಹಳ ಚಿಕ್ಕದು. 1960ರ ದಶಕದಲ್ಲಿ ಆಂಡ್ರ್ಯೂ ಬರ್ಬಿಜ್ ಎಂಬ ವಿಜ್ಞಾನಿ ಈ ಆಮೆಗಳನ್ನು ಒಂದೊಂದಾಗಿ ಗುರುತುಹಾಕಿ ಎಣಿಸಿ ಅಧ್ಯಯನ ಮಾಡಿದಾಗ ದೊಡ್ಡ ಪ್ರದೇಶದಲ್ಲಿಯೇ ಹೆಚ್ಚು ಆಮೆಗಳಿದ್ದವು. ಆದರೆ ಎರಡು ದಶಕ ಕಳೆಯುವಷ್ಟರಲ್ಲಿ ದೊಡ್ಡದರಲ್ಲಿ ಆಮೆಗಳು ಬಹುಮಟ್ಟಿಗೆ ಇಲ್ಲವಾದವು. ಚಿಕ್ಕದರಲ್ಲಿ ಇಪ್ಪತ್ತು ಮೂವತ್ತರಷ್ಟು ಉಳಿದುಕೊಂಡವು. ಕಾರಣವಿರುವುದು ಮಣ್ಣಿನಲ್ಲಿ. ಟ್ವಿನ್ ಸ್ವಾಂಪ್ಸ್‌ನದು ಮರಳು ನೆಲ. ಮಳೆ ಕಡಿಮೆಯಾದರೆ ನೀರು ಬೇಗ ಇಂಗುತ್ತದೆ, ಬಿಲಗಳಿಲ್ಲದೆ ಆಮೆಗಳು ಎಲೆಗಳಡಿ ಮಲಗುತ್ತವೆ, ನರಿಗೆ ಸಿಗುತ್ತವೆ. ಎಲೆನ್ ಬ್ರೂಕ್‌ನ ಜೇಡಿನೆಲದಲ್ಲಿ ಸ್ವಾಭಾವಿಕವಾದ ಬಿಲಗಳಿವೆ, ನೀರೂ ನಿಲ್ಲುತ್ತದೆ. ಅಡಮಾನಕ್ಕೆ ಬಂದ ಜಮೀನಿನ ವಿಸ್ತೀರ್ಣವನ್ನಷ್ಟೇ ನೋಡಿ ಸಾಲ ಮಂಜೂರು ಮಾಡಿದವರ ಪಾಡು ನೆನಪಿಗೆ ಬರುತ್ತದೆ. ಎಕರೆ ಎಷ್ಟು ಎಂದು ಕೇಳಿದರೆ ಸಾಲದು, ನೀರು ಎಲ್ಲಿ ಎಂದೂ ಕೇಳಬೇಕು.

1980ರ ದಶಕದ ನಡುವಿಗೆ ಇಡೀ ಪ್ರಪಂಚದಲ್ಲಿ ಈ ಪ್ರಭೇದದ ಸುಮಾರು ಐವತ್ತು ಆಮೆಗಳಷ್ಟೇ ಉಳಿದಿದ್ದವು. ಪರ್ತ್ ಮೃಗಾಲಯದಲ್ಲಿ ಕೆಲವನ್ನು ಇಟ್ಟುಕೊಂಡಿದ್ದರೂ ಅವು ಸಂತಾನಕ್ಕೆ ಒಲಿದಿರಲಿಲ್ಲ. 1987ರಲ್ಲಿ ಗೆರಾಲ್ಡ್ ಕುಕ್ಲಿಂಗ್ ಎಂಬ ಆಸ್ಟ್ರಿಯಾ ಮೂಲದ ವಿಜ್ಞಾನಿ ಆ ಕೆಲಸವನ್ನು ಕೈಗೆತ್ತಿಕೊಂಡರು. ಸತ್ತ ಆಮೆಯೊಂದು ಪರ್ತ್‌ನಿಂದ ಆಸ್ಟ್ರಿಯಾಕ್ಕೆ ಹೋಗಿತ್ತು. ಬದುಕಿದ್ದವುಗಳನ್ನು ಉಳಿಸಲು ಆಸ್ಟ್ರಿಯಾದವರೊಬ್ಬರು ಪರ್ತ್‌ಗೆ ಬಂದರು. ಅವರು ಬಳಸಿದ ಮುಖ್ಯ ಸಾಧನ ನಮ್ಮ ಹೆರಿಗೆ ಆಸ್ಪತ್ರೆಗಳಲ್ಲಿ ಎಲ್ಲ ತಾಯಂದಿರೂ ಬಲ್ಲ ಅಲ್ಟ್ರಾಸೌಂಡ್ ಯಂತ್ರ. ಹೆಣ್ಣಾಮೆಗೆ ಯಾವ ನೋವನ್ನೂ ಮಾಡದೆ, ಅದರ ಒಡಲಿನಲ್ಲಿ ಮೊಟ್ಟೆಗಳು ಯಾವಾಗ ಬಲಿಯುತ್ತವೆ, ಯಾವ ಆಹಾರದಿಂದ ಬಲಿಯುತ್ತವೆ, ಏಕೆ ನಿಂತುಹೋಗುತ್ತವೆ ಎಂಬುದನ್ನು ತೆರೆಯ ಮೇಲೆ ನೋಡಲು ಸಾಧ್ಯವಾಯಿತು. ಆಹಾರ, ಉಷ್ಣತೆ, ವಿಶ್ರಾಂತಿಯ ಕಾಲಗಳನ್ನು ಹಾಗೆ ಕಂಡುದಕ್ಕೆ ಅನುಗುಣವಾಗಿ ತಿದ್ದಿದರು. ಮೊಟ್ಟೆಗಳನ್ನು ಯಂತ್ರದಲ್ಲಿಟ್ಟು ಕಾವು ಕೊಟ್ಟರು. ಮರಿಗಳು ಬಂದವು, ವರ್ಷದಿಂದ ವರ್ಷಕ್ಕೆ ಹೆಚ್ಚಾದವು.

ಮರಿಯನ್ನು ಸುಮಾರು ಮೂರು ವರ್ಷ ಸಾಕಿ, ತೂಕ 100 ಗ್ರಾಂ ಮುಟ್ಟಿದ ಮೇಲೆ ಜೌಗಿಗೆ ಬಿಡುವುದು ಕ್ರಮ. ಅದಕ್ಕೆ ಮುನ್ನ ಎಲೆನ್ ಬ್ರೂಕ್‌ಗೆ 1990ರಲ್ಲಿಯೂ ಟ್ವಿನ್ ಸ್ವಾಂಪ್ಸ್‌ಗೆ 1994ರಲ್ಲಿಯೂ ನರಿ ದಾಟಲಾರದ ಬೇಲಿ ಹಾಕಿದರು. ಟ್ವಿನ್ ಸ್ವಾಂಪ್ಸ್‌ಗೆ ಮಳೆ ಕಡಿಮೆಯಾದ ವರ್ಷ ಕೊಳವೆಬಾವಿಯಿಂದ ನೀರೆತ್ತಿ ಹಾಯಿಸುತ್ತಾರೆ. 2000ದಿಂದ ಉತ್ತರಕ್ಕೆ ಮೊಗಂಬರ್ ಎಂಬಲ್ಲಿಯೂ ಆಮೆಗಳನ್ನು ಬಿಡತೊಡಗಿದರು. ಇದುವರೆಗೆ ಮೃಗಾಲಯದಲ್ಲಿ ಹುಟ್ಟಿ ಜೌಗು ಸೇರಿದ ಮರಿಗಳು ನೂರಾರು. ಆದರೂ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಈ ಪ್ರಭೇದದ ಹೆಸರು ಇಂದಿಗೂ 'ಅತಿ ಗಂಡಾಂತರ'ದ ವರ್ಗದಲ್ಲಿಯೇ ಇದೆ.

ಒಂದು ಬಸಿಯಗಲದ ಪ್ರಾಣಿಗಾಗಿ ಬೇಲಿ, ಕೊಳವೆಬಾವಿ, ಅಲ್ಟ್ರಾಸೌಂಡು, ಮೂರು ವರ್ಷದ ಊಟ ವಸತಿ! ಲೆಕ್ಕ ನೋಡುವ ವೃತ್ತಿಯ ನಮ್ಮಂತಹವರಿಗೆ ಇದು ದುಬಾರಿಯೆನಿಸುವುದು ಸಹಜ. ಅದಕ್ಕೆ ಉತ್ತರವಾಗಿ, ಈ ಆಮೆಯಿಂದ ಮುಂದೆ ಔಷಧ ಸಿಗಬಹುದು ಎಂಬಂತಹ ವಾದವನ್ನು ಕೆಲವರು ಹೂಡುತ್ತಾರೆ. ಅಂತಹ ಮಾತು ನನಗೆ ಒಪ್ಪಿಗೆಯಿಲ್ಲ. ಬರುವುದೋ ಬಾರದೋ ತಿಳಿಯದ ಆದಾಯವನ್ನು ಜಮೆ ಹಿಡಿಯುವುದು ಒಳ್ಳೆಯ ಲೆಕ್ಕವಲ್ಲ. ಕೋಟಿಗಟ್ಟಲೆ ವರ್ಷ ಬಾಳಿದ ಒಂದು ಮನೆತನದ ಕೊನೆಯ ಕುಡಿ ನಮ್ಮ ಇಟ್ಟಿಗೆ ಗೂಡುಗಳಿಂದಲೂ ನಾವು ತಂದುಬಿಟ್ಟ ನರಿಗಳಿಂದಲೂ ಸಾಯುವ ಸ್ಥಿತಿಗೆ ಬಂದಿದ್ದರೆ, ಅದನ್ನು ಉಳಿಸುವ ವೆಚ್ಚ ದಾನವಲ್ಲ, ಬಾಕಿ ತೀರಿಸುವುದು.

ಇಂತಹ ಮರುಪತ್ತೆಯ ಕಥೆ ನಮ್ಮಲ್ಲಿಯೂ ಒಂದುಂಟು. ಕೊಚ್ಚಿಯ ಕಾಡಿನಲ್ಲಿ ಸಿಕ್ಕಿದ ಒಂದು ಪುಟ್ಟ ಬೆತ್ತದಾಮೆಯನ್ನು 1912ರಲ್ಲಿ ವರ್ಣಿಸಲಾಯಿತು; ಆಮೇಲೆ ಎಪ್ಪತ್ತು ವರ್ಷ ಅದರ ಸುದ್ದಿಯಿರಲಿಲ್ಲ. ಮದರಾಸಿನಲ್ಲಿ ಸರೀಸೃಪಗಳ ಅಧ್ಯಯನದಲ್ಲಿ ತೊಡಗಿದ್ದ ಜೆ. ವಿಜಯಾ ಎಂಬ ತರುಣಿ 1982ರಲ್ಲಿ ಕಾಡಿನಲ್ಲಿ ಅದನ್ನು ಮತ್ತೆ ಪತ್ತೆಮಾಡಿದರು. ಆಕೆ ಎಳೆಯ ಪ್ರಾಯದಲ್ಲಿಯೇ ತೀರಿಕೊಂಡರು. 2006ರಲ್ಲಿ ಆ ಆಮೆಯ ಕುಲಕ್ಕೆ ವಿಜಯಾಕೆಲಿಸ್ ಎಂದು ಆಕೆಯ ಹೆಸರನ್ನೇ ಇಟ್ಟರು. ಕರ್ನಾಟಕದ ಪಶ್ಚಿಮ ಘಟ್ಟಗಳಲ್ಲಿಯೂ ಈ ಬೆತ್ತದಾಮೆ ಇದೆ.

ಆಮೆಯ ಮಾತು ಬಂದುದರಿಂದ, ಆರೋಗ್ಯದ ದೃಷ್ಟಿಯಿಂದ ಒಂದು ಸಂಗತಿ. ನಮ್ಮ ಮಹಾನಗರಗಳ ಮನೆಗಳಲ್ಲಿ ಮಕ್ಕಳ ಆಟಕ್ಕೆಂದೋ ಅದೃಷ್ಟಕ್ಕೆಂದೋ ಗಾಜಿನ ತೊಟ್ಟಿಯಲ್ಲಿ ಮರಿಯಾಮೆ ಸಾಕುವ ಪದ್ಧತಿ ಬಂದಿದೆ. ಹೆಚ್ಚಾಗಿ ಮಾರಾಟವಾಗುವುದು ಕೆನ್ನೆಯ ಮೇಲೆ ಕೆಂಪು ಪಟ್ಟೆಯಿರುವ ಅಮೆರಿಕದ ಆಮೆ. ನೋಡಲು ಆರೋಗ್ಯವಾಗಿರುವ ಆಮೆಯ ಮೈಮೇಲೂ ಅದರ ತೊಟ್ಟಿಯ ನೀರಿನಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣುಗಳಿರಬಹುದು. ಅದರಿಂದ ಜ್ವರ, ವಾಂತಿ, ಭೇದಿಗಳಾಗುತ್ತವೆ. ಐದು ವರ್ಷದೊಳಗಿನ ಮಕ್ಕಳಿಗೂ ವೃದ್ಧರಿಗೂ ಗರ್ಭಿಣಿಯರಿಗೂ ಅಪಾಯ ಹೆಚ್ಚು. ಮಕ್ಕಳಲ್ಲಿ ಈ ರೋಗ ಹರಡಿದ್ದರಿಂದಲೇ ಅಮೆರಿಕ ಸರಕಾರವು 1975ರಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಆಮೆಗಳ ಮಾರಾಟವನ್ನು ನಿಷೇಧಿಸಿತು. ಮನೆಯಲ್ಲಿ ಈಗಾಗಲೇ ಇದ್ದರೆ, ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು. ತೊಟ್ಟಿಯನ್ನು ಅಡುಗೆಮನೆಯ ಬಚ್ಚಲಲ್ಲಿ ತೊಳೆಯಬಾರದು. ಬೇಸರವಾಯಿತೆಂದು ಊರ ಕೆರೆಗೆ ಒಯ್ದು ಬಿಡಲೂಬಾರದು, ಅದು ಅಲ್ಲಿಯ ಆಮೆಗಳ ಅನ್ನಕ್ಕೆ ಕಲ್ಲು ಹಾಕುತ್ತದೆ. ನಮ್ಮ ದೇಶದ ನಕ್ಷತ್ರ ಆಮೆಯನ್ನು ಸಾಕುವುದಂತೂ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ಪ್ರಕಾರ ಅಪರಾಧ.

ಮತ್ತೆ ಪರ್ತ್‌ಗೆ ಬರೋಣ. ಬೇಲಿಯಿಂದ ನರಿಯನ್ನು ತಡೆದರು. ಮುಗಿಲನ್ನು ತಡೆಯುವ ಬೇಲಿಯಿಲ್ಲ. 1970ರಿಂದೀಚೆಗೆ ಆಸ್ಟ್ರೇಲಿಯದ ನೈರುತ್ಯ ಮೂಲೆಯಲ್ಲಿ ಏಪ್ರಿಲಿನಿಂದ ಅಕ್ಟೋಬರಿನವರೆಗಿನ ಮಳೆ ಸುಮಾರು ಶೇಕಡಾ 16ರಷ್ಟು ಇಳಿದಿದೆ. ಮಳೆಯ ಇಳಿತಕ್ಕಿಂತ ಹರಿದು ಬರುವ ನೀರಿನ ಇಳಿತ ಇನ್ನೂ ಹೆಚ್ಚು, ಏಕೆಂದರೆ ಒಣಗಿದ ನೆಲವೇ ಮೊದಲ ಪಾಲನ್ನು ಕುಡಿದುಬಿಡುತ್ತದೆ. ಪರ್ತ್ ನಗರವೇ 2006ರಲ್ಲಿ ಕ್ವಿನಾನಾ ಎಂಬಲ್ಲಿ ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರವನ್ನು ಆರಂಭಿಸಬೇಕಾಯಿತು. ಚೆನ್ನೈನ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ನಗರಕ್ಕೆ ಕಡಲಿದೆ, ಆಮೆಗೆ ಆ ಅನುಕೂಲವಿಲ್ಲ. ಜೌಗಿನಲ್ಲಿ ನೀರು ನಿಲ್ಲುವ ಅವಧಿ ಕೆಲವು ವಾರ ಕಡಿಮೆಯಾದರೆ ಮರಿಯ ತೂಕ ಅಷ್ಟು ಕಡಿಮೆ.

ಆದುದರಿಂದ ಪಶ್ಚಿಮ ಆಸ್ಟ್ರೇಲಿಯ ವಿಶ್ವವಿದ್ಯಾಲಯದ ನಿಕೋಲಾ ಮಿಚೆಲ್ ಮತ್ತು ಅವರ ಸಂಗಡಿಗರು ಬೇರೊಂದು ದಾರಿಯನ್ನು ಯೋಚಿಸಿದರು. ಯಾವ ಜೌಗಿನಲ್ಲಿ ಎಷ್ಟು ದಿನ ನೀರಿರುತ್ತದೆ, ಆ ನೀರಿನ ಉಷ್ಣತೆಯಲ್ಲಿ ಆಮೆ ಎಷ್ಟು ತಿಂದು ಎಷ್ಟು ಬೆಳೆಯಬಲ್ಲುದು ಎಂಬುದನ್ನು ಗಣಕಯಂತ್ರದಲ್ಲಿ ಗುಣಿಸಿ, ಮುಂದಿನ ದಶಕಗಳಲ್ಲಿ ಇದು ಬದುಕಬಲ್ಲ ಜಾಗಗಳನ್ನು ಹುಡುಕಿದರು. ಉತ್ತರ ಬಂದುದು ಸುಮಾರು ಮುನ್ನೂರು ಕಿಲೋಮೀಟರು ದಕ್ಷಿಣಕ್ಕೆ. 2016ರ ಆಗಸ್ಟಿನಲ್ಲಿ ಮೃಗಾಲಯದಲ್ಲಿ ಹುಟ್ಟಿದ 24 ಎಳೆಯ ಆಮೆಗಳ ಚಿಪ್ಪಿಗೆ ಪುಟ್ಟ ರೇಡಿಯೋ ಯಂತ್ರಗಳನ್ನು ಅಂಟಿಸಿ, ದಕ್ಷಿಣ ಕರಾವಳಿಯ ಬಳಿಯ ಎರಡು ಜೌಗುಗಳಲ್ಲಿ ಹನ್ನೆರಡು ಹನ್ನೆರಡಾಗಿ ಬಿಟ್ಟರು. ಹವಾಮಾನ ಬದಲಾಗುತ್ತಿರುವ ಕಾರಣಕ್ಕಾಗಿ, ಮನುಷ್ಯರು ಒಂದು ಬೆನ್ನೆಲುಬಿನ ಪ್ರಾಣಿಯನ್ನು ಅದು ಹಿಂದೆಂದೂ ಕಂಡಿರದ ನೆಲೆಗೆ ಸಾಗಿಸಿದ ಮೊದಲ ಪ್ರಯತ್ನವೆಂದು ಇದು ಪ್ರಸಿದ್ಧವಾಯಿತು.

ಇದಕ್ಕೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಇಲ್ಲದ ಪ್ರಾಣಿಯನ್ನು ಇಲ್ಲದ ಜಾಗಕ್ಕೆ ತಂದು ಬಿಟ್ಟು ಆಸ್ಟ್ರೇಲಿಯ ಪಟ್ಟ ಪಾಡು ಅಷ್ಟಿಷ್ಟಲ್ಲ. 1859ರ ಮೊಲಗಳು, ಆಮೇಲೆ ನರಿ, 1935ರಲ್ಲಿ ಕಬ್ಬಿನ ಹುಳು ತಿನ್ನಲೆಂದು ತಂದ ವಿಷದ ನೆಲಗಪ್ಪೆ, ಎಲ್ಲವೂ ಒಳ್ಳೆಯದನ್ನೇ ಬಯಸಿ ಮಾಡಿದ ಕೆಲಸಗಳು. ವರ್ಷಕ್ಕೆ ಮೂರೋ ನಾಲ್ಕೋ ಮೊಟ್ಟೆಯಿಡುವ ಆಮೆ ಅಂತಹ ಪಿಡುಗಾಗುವ ಸಂಭವ ಬಹಳ ಕಡಿಮೆ ಎಂಬುದು ನಿಜ. ತೊಡಕಿರುವುದು ಬೇರೆ ಕಡೆ. ದಕ್ಷಿಣದಲ್ಲಿ ಮಳೆ ಹೆಚ್ಚು, ಆದರೆ ನೀರು ತಣ್ಣಗೆ. 14 ಡಿಗ್ರಿಗಿಂತ ಕೆಳಗಿನ ನೀರಿನಲ್ಲಿ ಆಮೆ ಬಾಯಿ ತೆರೆಯದು. ಉತ್ತರದಲ್ಲಿ ಬೆಚ್ಚನೆಯ ನೀರಿದೆ, ಸಾಕಷ್ಟು ದಿನ ನಿಲ್ಲುವುದಿಲ್ಲ. ದಕ್ಷಿಣದಲ್ಲಿ ನೀರು ನಿಲ್ಲುತ್ತದೆ, ಸಾಕಷ್ಟು ಬೆಚ್ಚಗಿರುವುದಿಲ್ಲ. ಇವೆರಡರ ನಡುವೆ ಈ ಆಮೆಗೆ ಸರಿಹೊಂದುವ ಜೌಗು ಯಾವುದೆಂಬುದನ್ನು ಮರಿಗಳನ್ನು ತೂಗಿ ತೂಗಿಯೇ ತಿಳಿಯಬೇಕಾಗಿದೆ. ದಕ್ಷಿಣದಲ್ಲಿ ಬಿಟ್ಟ ಮರಿಯೊಂದು ಪ್ರಾಯಕ್ಕೆ ಬಂದು, ಮುಂಗಾಲುಗಳಿಂದ ಗುಣಿ ತೋಡಿ, ತಾನೇ ಮೊಟ್ಟೆಯಿಡಲು ಹತ್ತು ಹದಿನೈದು ವರ್ಷ ಬೇಕು.